ಮಾಸ್ಕೋದ ಪಿಯಾನೋ, ಮೈಸೂರಿನ ದುಡ್ಡು

ರಾಖ್ಮಾನಿನೋವ್ ಹೆಸರು ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲದವರ ಕಿವಿಗೂ ಎಲ್ಲೋ ಒಮ್ಮೆ ಬಿದ್ದಿರುತ್ತೆ. ಆತನ ಜೀವದ ಗೆಳೆಯ ನಿಕೊಲಾಯ್ ಮೆಟ್ನರ್ ಹೆಸರು ಕೇಳಿದವರು ಕಡಿಮೆ. ರಾಖ್ಮಾನಿನೋವ್ ತನ್ನ ನಾಲ್ಕನೇ ಪಿಯಾನೋ ಕಾನ್ಸರ್ಟೋವನ್ನು ಅರ್ಪಿಸಿದ್ದು ಈ ಮೆಟ್ನರ್‌ಗೆ. ಮೆಟ್ನರ್ ತನ್ನ ಮೂರನೆಯದನ್ನು ಅರ್ಪಿಸಿದ್ದು ಯಾರಿಗೆ ಗೊತ್ತೇನ್ರಿ? ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರಿಗೆ.

ಮೆಟ್ನರ್ ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ಬರೆದದ್ದು 14 ಪಿಯಾನೋ ಸೊನಾಟಾ. ಸೊನಾಟಾ ಅಂದ್ರೆ, ಸರಳವಾಗಿ ಹೇಳ್ಬೇಕಂದ್ರೆ, ಒಂದೆರಡು ಸ್ವರದ ಎಳೆ ಹಿಡಿದು, ಅವನ್ನು ಊರೆಲ್ಲ ಸುತ್ತಿಸಿ, ಕೊನೆಗೆ ಮನೆಗೆ ಕರ್ಕೊಂಡು ಬರೋದು. ಮೊಜಾರ್ಟ್, ಬೀಥೋವನ್ ಕಾಲದ ಕಟ್ಟು ಅದು. ಸುತ್ತಲಿನವರೆಲ್ಲ ಹಳೇ ಕಟ್ಟು ಮುರಿಯೋ ಹುರುಪಿನಲ್ಲಿದ್ದಾಗ ಈತ ಅದನ್ನೇ ಹಿಡಿದು ಕೂತ. 1921ರಲ್ಲಿ ರಷ್ಯಾ ಬಿಟ್ಟ, ಬರ್ಲಿನ್, ಪ್ಯಾರಿಸ್ ಸುತ್ತಿ 1935ರಲ್ಲಿ ಲಂಡನ್ ಸೇರಿದ. ಯುದ್ಧ ಶುರುವಾದ ಮೇಲೆ ಜರ್ಮನ್ ಪ್ರಕಾಶಕರಿಂದ ಬರ್ತಿದ್ದ ದುಡ್ಡೂ ನಿಂತಿತು. 1942ರಲ್ಲಿ ಹೃದಯಾಘಾತ ಬೇರೆ.

ಇತ್ತ ಮೈಸೂರಿನಲ್ಲಿ ಪಿಯಾನೋ ವಾದಕನಾಗಬೇಕು ಅಂತ ಕನಸು ಕಂಡಿದ್ದ ಹುಡುಗನಿಗೆ 1940ರಲ್ಲಿ, 21ನೇ ವಯಸ್ಸಿಗೇ ಪಟ್ಟ ಬಂತು. ಕನಸು ಅಲ್ಲಿಗೇ ನಿಂತಿತು, ಕಿವಿ ಮಾತ್ರ ನಿಲ್ಲಲಿಲ್ಲ. ಒಡೆಯರು ದುಡ್ಡು ಕೊಟ್ಟು ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಕಟ್ಟಿಸಿದರು. 67ರ ಮೆಟ್ನರ್ 1947ರಲ್ಲಿ ಎಚ್‌ಎಂವಿ ಮೈಕಿನ ಮುಂದೆ ಕೂತು ತನ್ನ ಸಂಗೀತವನ್ನು ತಾನೇ ನುಡಿಸಿದ. ಮೂರೂ ಕಾನ್ಸರ್ಟೋ, ಹಾಡುಗಳು, ಬಿಡಿ ಪಿಯಾನೋ ಕೃತಿಗಳು ಮೂರು ಸಂಪುಟಗಳ ತಟ್ಟೆಗಳಾಗಿ ಬಂದವು.

ಇಷ್ಟಕ್ಕೇ ನಿಲ್ಲಿಸಿದರೆ ಚಂದದ ಕಥೆ. ಆದರೆ ಅದೇ 1947ರ ಸೆಪ್ಟೆಂಬರ್‌ನಲ್ಲಿ ಇಲ್ಲಿ 'ಮೈಸೂರು ಚಲೋ' ನಡೀತಿತ್ತು. ಜವಾಬ್ದಾರಿ ಸರ್ಕಾರ ಬೇಕು ಅಂತ ಜನ ಜೈಲಿಗೆ ಹೋಗ್ತಿದ್ರು. ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಆಗ ಮೈಸೂರೇ ಅಲ್ಲ, ಮುಂಬೈ ಪ್ರಾಂತ್ಯ. ಮೆಟ್ನರ್ ಆ ಮೂರನೇ ಕಾನ್ಸರ್ಟೋ ಮುಗಿಸಿದ 1943ರಲ್ಲೇ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಆ ಸೀಮೆಯಲ್ಲಿ ಬೆಳೆದವನಿಗೆ ಮೊದಲು ಏಳೋ ಪ್ರಶ್ನೆ: ಅರಮನೆ ಕೊಟ್ಟ ದುಡ್ಡು ಯಾರ ಬೆವರಿನದು?

ಸಂಗೀತ ಚೆನ್ನಾಗಿದೆ ಅನ್ನೋದು ಈ ಪ್ರಶ್ನೆಗೆ ಉತ್ತರ ಅಲ್ಲ. ನಮ್ಮ ಕಡೆಯದೇ ಇನ್ನೊಂದು ಉದಾಹರಣೆ ನೋಡಿ. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯ ಕಣ್ಣು ಕಾಣದ ಹುಡುಗನೊಬ್ಬನಿಗೆ ಹಾನಗಲ್ ಕುಮಾರ ಸ್ವಾಮಿಗಳು ಆಸರೆ ಕೊಟ್ಟು ಸಂಗೀತ ಕಲಿಯೋ ದಾರಿ ಮಾಡಿದರು. ಅವರೇ ಮುಂದೆ ಪಂಚಾಕ್ಷರಿ ಗವಾಯಿಗಳು, ಗದಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿದವರು. ಮಠವೂ ಅರಮನೆಯೂ ಮಾಡಿದ್ದು ಒಂದೇ ಕೆಲಸ: ಮಾರುಕಟ್ಟೆ ಕೇಳದವರನ್ನು ಕೈಹಿಡಿಯೋದು. ವ್ಯತ್ಯಾಸ ಇಷ್ಟೇ. ಮಠದ ಜೋಳಿಗೆಗೆ ಕಾಳು ಹಾಕಿದ ಊರುಗಳಿಗೆ ಗವಾಯಿಗಳ ಹಾಡು ವಾಪಸ್ ಸಿಕ್ಕಿತು. ಮೆಟ್ನರ್‌ಗೆ ದುಡ್ಡು ಹೊರಟ ನಾಡಿನ ಜನಕ್ಕೆ ಮಾತ್ರ ಆ ಸಂಗೀತ ಬರಲೇ ಇಲ್ಲ.

ಕೃತಿಗಳೆಲ್ಲ ಧ್ವನಿಮುದ್ರಣ ಆಗೋ ಮೊದಲೇ, 1951ರಲ್ಲಿ ಮೆಟ್ನರ್ ತೀರಿಕೊಂಡ. 1956ರ ನವೆಂಬರ್ 1ರಂದು ನಾವೂ ಮೈಸೂರು ರಾಜ್ಯ ಸೇರಿದಾಗ ಒಡೆಯರು ನಮಗೂ ರಾಜ್ಯಪಾಲರಾದರು. ಮೆಟ್ನರ್ ಮಾತ್ರ ಆಮೇಲೆ ದಶಕಗಟ್ಟಲೆ ಮರೆವಿಗೆ ಸರಿದ. 1990ರ ದಶಕದಲ್ಲಿ ಜೆಫ್ರಿ ಟೋಜರ್, ಮಾರ್ಕ್-ಆಂಡ್ರೆ ಹ್ಯಾಮೆಲಿನ್ ಈ ಸೊನಾಟಾಗಳನ್ನು ನುಡಿಸಿ ಮುದ್ರಿಸಿದ ಮೇಲೆ ಜಗತ್ತು ಮತ್ತೆ ಕಿವಿ ಕೊಟ್ಟಿತು. ಮೈಸೂರು ದುಡ್ಡಿನ ಹಳೇ ತಟ್ಟೆಗಳೂ ಈಗ ಸಿಡಿಯಾಗಿ ಸಿಗ್ತವೆ.

ನಂಗನ್ಸೋದು, ಇದು ನಮಗೆ ಬರಬೇಕಾದ ಬಾಕಿ. ವಸೂಲಿ ಮಾಡೋಕೆ ಬೇಕಿರೋದು ಒಂದು ಇಯರ್‌ಫೋನ್ ಅಷ್ಟೇ. 'ಸೊನಾಟಾ ರೆಮಿನಿಸೆಂಜಾ'ದಿಂದ ಶುರು ಮಾಡಿ. ಸುಮಾರು ಕಾಲು ಗಂಟೆ, ಮೆಟ್ರೋದಲ್ಲಿ ಆಫೀಸು ಮುಟ್ಟೋದರೊಳಗೆ ಮುಗಿಯುತ್ತೆ. ಹೆಸರೇ ಹೇಳೋ ಹಾಗೆ ಅದು ನೆನಪಿನ ಸಂಗೀತ.