ಹಟ್ಟಿ–ಮಸ್ಕಿ ಪಟ್ಟಿಯ ಚಿನ್ನದ ಗಣಿಗಳು ಮತ್ತು ಬೇಸಾಯದ ನೆಲೆಗಳು: ಮನ್ ವಾದದ ಮರುಪರಿಶೀಲನೆ

ರಾಯಚೂರು ಸೀಮೆಯ ಪ್ರಾಚೀನ ಗಣಿಗಳ ಬಗ್ಗೆ ಬರೆದವರಲ್ಲಿ ಲಿಯೊನಾರ್ಡ್ ಮನ್ ಅವರಷ್ಟು ಈ ನೆಲವನ್ನು ಸುತ್ತಿ ನೋಡಿದವರು ವಿರಳ. ನಿಜಾಮರ ಸಂಸ್ಥಾನದಲ್ಲಿ ಗಣಿ ಎಂಜಿನಿಯರ್ ಆಗಿದ್ದ ಅವರು ಮುಂದೆ ಹೈದರಾಬಾದ್ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೊತೆಗೆ ಬಾವಿ ತೋಡಿಸುವ ಇಲಾಖೆಯ ಹೊಣೆಯನ್ನೂ ಹೊತ್ತರು. ಹೈದರಾಬಾದಿನ ಪ್ರಾಚೀನ ಗಣಿಗಳು ಮತ್ತು ಬೃಹತ್ ಶಿಲಾಸಮಾಧಿಗಳನ್ನು ಕುರಿತು ಅವರು ಬರೆದ ಪ್ರಬಂಧ ಮ್ಯಾಂಚೆಸ್ಟರಿನ ವಿದ್ವತ್ ಸಂಘದ ಸಂಪುಟದಲ್ಲಿ ಪ್ರಕಟವಾಯಿತು. ಹಳೆಯ ಗಣಿಗುಂಡಿಗಳೂ ಶಿಲಾಸಮಾಧಿಗಳೂ ಅಕ್ಕಪಕ್ಕದಲ್ಲಿ ಕಾಣುತ್ತವೆ ಎಂಬುದು ಅವರ ಮುಖ್ಯ ಅವಲೋಕನ. ಇಂಥ ಸಾಮೀಪ್ಯಗಳನ್ನು ಆಧಾರವಾಗಿಟ್ಟುಕೊಂಡೇ ಡಬ್ಲ್ಯು. ಜೆ. ಪೆರಿ 1923ರ ತಮ್ಮ ‘ದಿ ಚಿಲ್ಡ್ರನ್ ಆಫ್ ದಿ ಸನ್’ ಕೃತಿಯಲ್ಲಿ, ಚಿನ್ನ ಮತ್ತು ಮುತ್ತುಗಳನ್ನು ಅರಸಿ ಹೊರಟವರೇ ಲೋಕದಾದ್ಯಂತ ಶಿಲಾಸಮಾಧಿಗಳನ್ನು ಕಟ್ಟಿದರೆಂದು ವಾದಿಸಿದರು. ಪೆರಿಯವರ ಸಿದ್ಧಾಂತವನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಅದರ ಒಂದು ಎಳೆ, ಅಂದರೆ ಈ ಸೀಮೆಯಲ್ಲಿ ಮೊದಲು ಚಿನ್ನ, ಆಮೇಲೆ ಊರು ಎಂಬ ನಂಬಿಕೆ, ಜಿಲ್ಲೆಯ ಚರಿತ್ರೆಯ ಬರಹಗಳಲ್ಲಿ ಇನ್ನೂ ಉಳಿದಿದೆ. ಈ ಲೇಖನದ ತಕರಾರು ಆ ಎಳೆಯ ಬಗ್ಗೆ.

ಒಪ್ಪಿತವಾದ ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಭಾರತದ ಚಿನ್ನ ಹೊತ್ತ ಪದರುಶಿಲೆಗಳನ್ನು ಧಾರವಾಡ ಶ್ರೇಣಿ ಎಂದು ಗುರುತಿಸಿದರು. ಹಟ್ಟಿ–ಮಸ್ಕಿ ಪಟ್ಟಿ ಅದರ ಭಾಗ. 1886ರಲ್ಲಿ ಹೈದರಾಬಾದ್ (ದಖನ್) ಕಂಪನಿಗೆ ಸಂಸ್ಥಾನದ ಖನಿಜಗಳ ಹಕ್ಕು ಸಿಕ್ಕಿತು, ಎರಡೇ ವರ್ಷದಲ್ಲಿ ಆ ಹಕ್ಕಿನ ವ್ಯವಹಾರ ಹಗರಣವಾಗಿ ಬ್ರಿಟಿಷ್ ಪಾರ್ಲಿಮೆಂಟಿನ ವಿಚಾರಣೆಗೆ ಹೋಯಿತು. ಹಟ್ಟಿಯ ಗಣಿ ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕ ನಡೆದು 1920ರ ಹೊತ್ತಿಗೆ ನಿಂತಿತು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಸ್ಥಾಪನೆಯಾಯಿತು. ರಾಜ್ಯ ಪುನರ್ವಿಂಗಡಣೆಯ ವರ್ಷವಾದ 1956ರಲ್ಲಿ ಅದು ಹಟ್ಟಿ ಚಿನ್ನದ ಗಣಿ ಕಂಪನಿ ಆಯಿತು. ಮಸ್ಕಿಯ ಅಶೋಕ ಶಾಸನ 1915ರಲ್ಲಿ ಸಿಕ್ಕಿದ್ದೂ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಅವರಿಗೆ. ಈ ಪ್ರದೇಶದ ಪುರಾತತ್ತ್ವ ಬಹುಪಾಲು ಗಣಿಗಾರರ ಕಣ್ಣಿನಿಂದಲೇ ಬೆಳಕಿಗೆ ಬಂದಿತೆಂಬುದನ್ನು ನಾವು ಮರೆಯಬಾರದು: ಅವರು ಎಲ್ಲಿ ಹುಡುಕಿದರೋ ಅಲ್ಲಿ ಸಿಕ್ಕಿತು.

ಮನ್ ಅವರ ಅವಲೋಕನಕ್ಕೆ ಮೊದಲ ಅಡ್ಡಿ ಇಲ್ಲಿಂದಲೇ ಬರುತ್ತದೆ. ಗಂಗಾವತಿ ಕಡೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಶಿಲಾಸಮಾಧಿಗಳಿವೆ. ಮೆಡೋಸ್ ಟೇಲರ್ ಅವನ್ನು 1835ರಷ್ಟು ಹಿಂದೆಯೇ ನೋಡಿದ್ದರು. ಅದು ಬರೀ ಗ್ರಾನೈಟ್ ಗುಡ್ಡ, ಅಲ್ಲಿ ಚಿನ್ನವಿಲ್ಲ. ಇತ್ತ ದೇವಸುಗೂರಿನ ಸುತ್ತ ಕೃಷ್ಣೆಯ ದಂಡೆ ಹಿಡಿದು ಹೋದರೂ ಊರಿಗೆ ಊರು ಹತ್ತಿಕೊಂಡಿವೆ. ಚಿನ್ನದ ಪಟ್ಟಿ ಅಲ್ಲಿಂದ ಬಹುದೂರ. ಕಾಲಕ್ರಮವೂ ಮನ್ ಅವರ ಪರವಾಗಿಲ್ಲ. ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ ಅಗೆದು ತೋರಿಸಿದ್ದು ದನಗಾಹಿಗಳ, ಸಣ್ಣ ಬೇಸಾಯಗಾರರ ನವಶಿಲಾಯುಗದ ಬದುಕು. ಇದೇ ಜಿಲ್ಲೆಯ ವಟಗಲ್ಲಿನಲ್ಲಿ ಊರುಬದುಕು ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಷ್ಟು ಹಳೆಯದು. ಹಟ್ಟಿಯ ಹಳೆಯ ಸುರಂಗಗಳ ಮರದ ದಿಮ್ಮಿಗಳಿಗೆ ಬಂದ ಇಂಗಾಲ ಕಾಲಮಾಪನ ಸೂಚಿಸುವುದಾದರೋ ಕ್ರಿಸ್ತಶಕದ ಆರಂಭದ ಆಸುಪಾಸನ್ನು. ನಡುವೆ ಎರಡು ಸಾವಿರ ವರ್ಷಗಳ ಬೇಸಾಯವಿದೆ.

ಇಲ್ಲಿಗೆ ನಿಂತರೆ ವಾದ ಸುಲಭ. ಆದರೆ ಗಣಿಗೂ ಹೊಲಕ್ಕೂ ಸಂಬಂಧವೇ ಇರಲಿಲ್ಲವೆಂದು ಹೇಳಿದಂತಾಗುತ್ತದೆ, ಅದು ಸರಿಯಲ್ಲ. ನನ್ನ ಪ್ರತಿಪಾದನೆ ಇಷ್ಟು: ಈ ಪಟ್ಟಿಯಲ್ಲಿ ಚಿನ್ನ ತೆಗೆಯುವ ಕೆಲಸ ಮೊದಮೊದಲು ಇಲ್ಲಿನ ಬೇಸಾಯಗಾರರೇ ಬೇಸಿಗೆಯಲ್ಲಿ ಮಾಡುತ್ತಿದ್ದ ಉಪಕಸುಬಾಗಿತ್ತು.

ಕೆಲಸದ ಸ್ವರೂಪವನ್ನೇ ನೋಡಬೇಕು. ಬೆಣಚುಕಲ್ಲಿನ ಎಳೆಯನ್ನು ಬೆಂಕಿ ಹಾಕಿ ಕಾಯಿಸಿ, ಆರಿ ಬಿರುಕುಬಿಟ್ಟಾಗ ಒಡೆದು ತೆಗೆಯುತ್ತಿದ್ದರು. ಆಮೇಲೆ ಬಂಡೆಯ ಮೇಲಿನ ಒರಳುಗುಳಿಗಳಲ್ಲಿ ಕುಟ್ಟಿ, ಬೀಸಿ, ನೀರಿನಲ್ಲಿ ತೊಳೆದು ಚಿನ್ನವನ್ನು ಬೇರ್ಪಡಿಸುತ್ತಿದ್ದರು. ಬೆಂಕಿಗೆ ಒಣಸೌದೆ ಬೇಕು, ಗುಂಡಿಯಲ್ಲಿ ನೀರು ನಿಂತಿರಬಾರದು. ಮಳೆಗಾಲದಲ್ಲಿ ಎರಡೂ ಸಾಧ್ಯವಿಲ್ಲ. ಎರೆಹೊಲದ ಹಿಂಗಾರಿ ಜೋಳ ಕಣಕ್ಕೆ ಬಂದು ಸುಗ್ಗಿ ಮುಗಿದ ಮೇಲೆ ಮಿರಗದ ಮಳೆ ಬೀಳುವವರೆಗೆ ಈ ಸೀಮೆಯ ರೈತನ ಕೈ ಖಾಲಿ. ಆ ತಿಂಗಳುಗಳೂ ಗಣಿಗುಂಡಿ ಒಣಗಿರುವ ತಿಂಗಳುಗಳೂ ಒಂದೇ. ಕುಟ್ಟುವ, ಬೀಸುವ ಸಾಮಾನೂ ಅಡುಗೆಮನೆಯ ಸಾಮಾನಿನಿಂದ ಬಹಳ ದೂರದ್ದಲ್ಲ. ಕಾಳು ಬೀಸಲು ಬಂದವರಿಗೆ ಅದುರು ಬೀಸಲು ಹೊಸ ವಿದ್ಯೆ ಬೇಕಿರಲಿಲ್ಲ.

ಇದಕ್ಕೆ ಮೂರು ಆಕ್ಷೇಪಗಳು ಬರಬಹುದು, ಮೂರೂ ಗಟ್ಟಿಯಾದವು. ಇಂದಿನ ಬೆಳೆಪಂಚಾಂಗವನ್ನು ಎರಡು ಸಾವಿರ ವರ್ಷ ಹಿಂದಕ್ಕೆ ಒಯ್ಯುವುದು ತಪ್ಪಲ್ಲವೇ ಎಂಬುದು ಒಂದು. ನಿಜ, ಜೋಳ ಇಲ್ಲಿಗೆ ತಡವಾಗಿ ಬಂದ ಬೆಳೆ. ನವಶಿಲಾಯುಗದ ನೆಲೆಗಳಲ್ಲಿ ಸಿಗುವುದು ಕೊರಲೆಯಂಥ ಕಿರುಧಾನ್ಯ, ಹುರುಳಿ, ಹೆಸರು. ಆದರೆ ಇವು ಮಳೆಗಾಲದ ಬೆಳೆಗಳಾದ್ದರಿಂದ ಆಗ ಬಿಡುವು ಇನ್ನೂ ದೀರ್ಘವಾಗಿತ್ತೇ ಹೊರತು ಕಡಿಮೆಯಲ್ಲ. ಎರಡನೆಯದು, ಬೇಸಿಗೆಯಲ್ಲಿ ಅದುರು ತೊಳೆಯಲು ನೀರೆಲ್ಲಿ? ಬೇಸಿಗೆಯಲ್ಲಿ ಒಡೆದು ಕೂಡಿಟ್ಟ ಕಲ್ಲನ್ನು ಮಳೆ ಬಂದ ಮೇಲೆ ತೊಳೆದಿರಬಹುದು ಎಂಬುದು ಊಹೆ. ಊಹೆಯೆಂದೇ ಅದನ್ನು ಮುಂದಿಡುತ್ತೇನೆ. ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. ಹಟ್ಟಿಯಲ್ಲಿ ಪ್ರಾಚೀನರು ಸುಮಾರು 640 ಅಡಿ ಆಳಕ್ಕೆ ಇಳಿದಿದ್ದರು. ಅಷ್ಟು ಆಳದಲ್ಲಿ ಮರದ ಆಸರೆ ಕಟ್ಟಿ, ನೀರೆತ್ತಿ, ಗಾಳಿಯ ದಾರಿ ಮಾಡಿ ದುಡಿದವರು ಸುಗ್ಗಿ ಮುಗಿಸಿ ಬಂದ ರೈತರಾಗಿರಲಾರರು. ಅದು ವರ್ಷವಿಡೀ ದುಡಿಯುವ ಕಸುಬುದಾರರ ಕೆಲಸ; ಹಿಂದೆ ಹಣವಿದ್ದ ಒಡೆಯರೂ ಇದ್ದಿರಬೇಕು.

ಆದ್ದರಿಂದ ನನ್ನ ಮಾತನ್ನು ಆಳವಿಲ್ಲದ ಗುಂಡಿಗಳಿಗೆ ಮಾತ್ರ, ಮತ್ತು ಆಳದ ಸುರಂಗಗಳಿಗಿಂತ ಹಿಂದಿನ ಹಂತಕ್ಕೆ ಮಾತ್ರ ಸೀಮಿತಗೊಳಿಸುತ್ತೇನೆ. ದೇವದುರ್ಗ ತಾಲೂಕಿನ ಊಟಿಯಲ್ಲಿ ನಮ್ಮ ಕಾಲದಲ್ಲೂ ತೆರೆದ ಗುಂಡಿಯಲ್ಲೇ ಅದುರು ತೆಗೆದದ್ದುಂಟು. ಚಿನ್ನ ನೆಲದ ಮೇಲ್ಭಾಗಕ್ಕೆ ಅಷ್ಟು ಹತ್ತಿರವಿರುವ ಕಡೆ ಈ ವಾದ ನಿಲ್ಲುತ್ತದೆ. ಹಟ್ಟಿಯ ಆಳದ ಸುರಂಗಕ್ಕೆ ಅದು ನಿಲ್ಲುವುದಿಲ್ಲ. ಮೊದಲ ಹಂತದಿಂದ ಎರಡನೆಯದಕ್ಕೆ ದಾಟಿದ್ದು ಯಾವಾಗ ಎಂಬ ಪ್ರಶ್ನೆಗೆ ಮಸ್ಕಿಯ ಶಾಸನವನ್ನು ಉತ್ತರವಾಗಿ ಎಳೆದು ತರುವವರಿದ್ದಾರೆ. ಚಿನ್ನದ ನೆಲದಲ್ಲಿ ಅಶೋಕನ ಶಾಸನವಿದೆಯೆಂದರೆ ಗಣಿ ಮೌರ್ಯರ ಕೈಯಲ್ಲಿತ್ತು ಎಂಬ ತೀರ್ಮಾನ ಅವಸರದ್ದು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಅದೇ ಅರಸನ ಶಾಸನಗಳಿವೆ, ಅಲ್ಲಿ ಅವು ಇರುವುದು ಗ್ರಾನೈಟ್ ಬಂಡೆಗಳ ಮೇಲೆ.

ವಸಾಹತು ಕಾಲದ ಗಣಿಯನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದರ ಸ್ವಭಾವ ಬೇರೆಯಾಗಿ ಕಾಣುತ್ತದೆ. ಯಂತ್ರ ಬಂದ ಮೇಲೆ ಗಣಿಗೆ ಬೇಸಿಗೆ, ಮಳೆಗಾಲವೆಂಬ ಭೇದವಿರಲಿಲ್ಲ. ಹೊಲದ ಪಂಚಾಂಗದಿಂದ ಅದು ಪೂರಾ ಕಳಚಿಕೊಂಡಿತು. ಆದರೂ ಕೋಲಾರದಲ್ಲಾದಂತೆ ದೊಡ್ಡ ಗಣಿನಗರ ಇಲ್ಲಿ ಏಳಲಿಲ್ಲ. 1920ರ ಹೊತ್ತಿಗೆ ಗಣಿ ಮುಚ್ಚಿದಾಗ ಸುತ್ತಲಿನ ಊರುಗಳು ಖಾಲಿಯಾಗಲಿಲ್ಲ, ಏಕೆಂದರೆ ಅವು ಗಣಿಯನ್ನು ನಂಬಿ ಹುಟ್ಟಿದ ಊರುಗಳಲ್ಲ. ಬೇಸಾಯದ ಹೊಸ ನೆಲೆಗಳು ಎದ್ದದ್ದು 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಪೂರ್ಣಗೊಂಡ ನಂತರ, ಎಡದಂಡೆ ಕಾಲುವೆ ಹರಿದ ಸಿಂಧನೂರು, ಮಾನ್ವಿ ಕಡೆಗಳಲ್ಲಿ. ಆಂಧ್ರದ ರೈತರು ಭತ್ತದ ಗದ್ದೆ ಮಾಡಿ ನೆಲೆನಿಂತ ಕ್ಯಾಂಪುಗಳು ಕಾಲುವೆಯನ್ನು ಹಿಂಬಾಲಿಸಿದವು. ಬಾವಿ ತೋಡಿಸುತ್ತ ಇದೇ ಜಿಲ್ಲೆಯಲ್ಲಿ ಅಂತರ್ಜಲದ ನಕ್ಷೆ ಬರೆದ ಮನ್ ಅವರಿಗೆ ನೀರಿನ ಈ ಮಹತ್ವ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರ ಗಣಿ ಪ್ರಬಂಧವನ್ನು ಅವರದೇ ಅಂತರ್ಜಲದ ಬರಹಗಳ ಪಕ್ಕದಲ್ಲಿಟ್ಟು ಓದದೆ ಹೋದದ್ದು ನಂತರದ ವಿದ್ವಾಂಸರ ಕೊರತೆ.

ಮುಂದಿನ ಕೆಲಸ ಹೊಲದಲ್ಲೂ ಪ್ರಯೋಗಾಲಯದಲ್ಲೂ ಆಗಬೇಕು. ಊಟಿಯಂಥ ಕಡೆಗಳ ಹಳೆಯ ಗುಂಡಿಗಳ ಇದ್ದಿಲಿಗೆ ಕಾಲನಿರ್ಣಯ ಬೇಕು. ಗಣಿಗೆ ಹತ್ತಿದ ಪ್ರಾಚೀನ ನೆಲೆಗಳ ಬೂದಿಯಿಂದ ಸುಟ್ಟ ಕಾಳುಗಳನ್ನು ಬೇರ್ಪಡಿಸಿ ನೋಡಬೇಕು. ಆ ಕಾಳುಗಳಲ್ಲಿ ಸ್ಥಳೀಯ ಬೆಳೆ ಎಷ್ಟು, ಹೊರಗಿನಿಂದ ತಂದದ್ದೆಷ್ಟು ಎಂಬುದು ತಿಳಿದರೆ ಗಣಿಯವರು ತಮ್ಮ ಹೊಲದ ಅನ್ನ ಉಂಡರೋ, ಯಾರಾದರೂ ಒದಗಿಸಿದ್ದನ್ನೋ ಎಂಬ ಪ್ರಶ್ನೆಗೆ ದಾರಿ ಸಿಗುತ್ತದೆ. ಅಲ್ಲಿಯವರೆಗೆ ಬೇಸಿಗೆಯ ಗಣಿಗಾರಿಕೆ ಎಂಬ ಈ ಪ್ರತಿಪಾದನೆ ಪರೀಕ್ಷೆಗೆ ಕಾದಿರುವ ವಾದ.