ವ್ರತ ಮತ್ತು ಒಡನಾಟ: ಮದ್ಯತ್ಯಾಗದ ಇತಿಹಾಸದಿಂದ ಒಂದು ಪಾಠ

ಮದ್ಯವನ್ನು ತ್ಯಜಿಸುವುದು ಒಂದು ಕಾರ್ಯ. ತ್ಯಜಿಸಿದ ಮೇಲೆ ಬರುವ ಸಂಕಟಗಳ ನಡುವೆ ಆ ತ್ಯಾಗವನ್ನು ಉಳಿಸಿಕೊಳ್ಳುವುದು ಮತ್ತೊಂದು ಕಾರ್ಯ. ಮೊದಲನೆಯದು ಒಂದು ದಿನದ ನಿಶ್ಚಯದಿಂದ ಆಗಬಹುದು. ಎರಡನೆಯದಕ್ಕೆ ಜೀವಮಾನವೇ ಬೇಕು. ವ್ಯಾಪಾರದಲ್ಲಿ ನಷ್ಟವಾಗಬಹುದು, ನೌಕರಿ ಹೋಗಬಹುದು, ಮಡದಿ ಮಕ್ಕಳು ಅಗಲಬಹುದು. ಅಂಥ ಹೊತ್ತಿನಲ್ಲಿ, ಹಿಂದೊಮ್ಮೆ ಕುಡಿತಕ್ಕೆ ವಶವಾಗಿದ್ದ ಮನುಷ್ಯನಿಗೆ ಮೊದಲು ನೆನಪಾಗುವುದು ಆ ಹಳೆಯ ದಾರಿಯೇ. ಆಗ ಅವನನ್ನು ತಡೆದು ನಿಲ್ಲಿಸುವ ಶಕ್ತಿ ಯಾವುದು? ಪ್ರತಿಜ್ಞೆಯೆ, ಲೋಕಾಪವಾದದ ಭಯವೆ, ಹಿರಿಯರ ಉಪದೇಶವೆ? ಈ ಪ್ರಶ್ನೆಯನ್ನು ಕೇವಲ ತರ್ಕದಿಂದ ಬಿಡಿಸುವುದಕ್ಕಿಂತ ಇತಿಹಾಸವನ್ನು ಕೇಳುವುದು ಒಳ್ಳೆಯದು. ಅಮೆರಿಕ ದೇಶದಲ್ಲಿ ಸುಮಾರು ನೂರು ವರ್ಷಗಳ ಅಂತರದಲ್ಲಿ ಎರಡು ಪ್ರಯತ್ನಗಳು ನಡೆದವು. ಒಂದು ಬೇಗನೆ ಬೆಳೆದು ಬೇಗನೆ ಅಳಿಯಿತು. ಇನ್ನೊಂದು ಇಂದಿಗೂ ಉಳಿದಿದೆ. ಎರಡನ್ನೂ ಒಟ್ಟಿಗೆ ನೋಡಿದಾಗ ಉತ್ತರ ತಾನಾಗಿ ಹೊರಡುತ್ತದೆ.

ಫಿಲಡೆಲ್ಫಿಯದ ವೈದ್ಯ ಬೆಂಜಮಿನ್ ರಷ್ ಅವರು 1784ರಲ್ಲಿಯೇ ಅತಿಯಾದ ಮದ್ಯಪಾನವನ್ನು ಒಂದು ವ್ಯಾಧಿಯೆಂದು ವಿವರಿಸಿ ಬರೆದಿದ್ದರು. 1826ರಲ್ಲಿ ಬಾಸ್ಟನ್ ನಗರದಲ್ಲಿ ಮದ್ಯಪಾನ ವಿರೋಧಿ ಸಂಘವೊಂದು ಸ್ಥಾಪನೆಯಾಗಿ ದೇಶದ ತುಂಬ ಶಾಖೆಗಳನ್ನು ಹರಡಿತು. ಆದರೆ ಈ ಸಂಘಗಳ ಮುಖ್ಯ ಗಮನವೆಲ್ಲ ಇನ್ನೂ ಕೆಡದವರ ಮೇಲಿತ್ತು. ಕುಡಿಯದವರನ್ನು ಕುಡಿಯದಂತೆ ಕಾಪಾಡಿದರೆ ಸಾಕು, ಈಗಾಗಲೇ ಕುಡುಕರಾದವರ ಪೀಳಿಗೆ ಕಾಲಕ್ರಮದಲ್ಲಿ ತಾನೇ ಮುಗಿಯುವುದೆಂಬ ಭಾವನೆ ಅವುಗಳ ಮುಖಂಡರಲ್ಲಿ ಬಲವಾಗಿತ್ತು. ಬಿದ್ದವನನ್ನು ಲೆಕ್ಕದಿಂದ ಬಿಟ್ಟುಬಿಡುವ ಈ ಮನೋಭಾವ ಆ ದೇಶಕ್ಕೆ ಮಾತ್ರ ಮೀಸಲಾದುದಲ್ಲ ಎಂಬುದನ್ನು ಓದುಗರು ಬಲ್ಲರು.

1840ರ ಏಪ್ರಿಲ್ ತಿಂಗಳಿನಲ್ಲಿ ಬಾಲ್ಟಿಮೋರ್ ನಗರದ ಒಂದು ಪಾನಗೃಹದಲ್ಲಿ ಆರು ಮಂದಿ ಗೆಳೆಯರು ಎಂದಿನಂತೆ ಕುಡಿಯುತ್ತ ಕುಳಿತಿದ್ದರು. ಒಬ್ಬ ದರ್ಜಿ, ಒಬ್ಬ ಬಡಗಿ, ಇಬ್ಬರು ಕಮ್ಮಾರರು, ಒಬ್ಬ ಸಾರೋಟು ಮಾಡುವವನು, ಒಬ್ಬ ಬೆಳ್ಳಿ ಕೆಲಸಗಾರ. ಊರಿನಲ್ಲಿ ಅಂದು ಮದ್ಯಪಾನ ವಿರೋಧಿ ಉಪನ್ಯಾಸವೊಂದಿತ್ತು. ಅರ್ಧ ಕುತೂಹಲ, ಅರ್ಧ ಪರಿಹಾಸ್ಯದಿಂದ ತಮ್ಮಲ್ಲಿ ಕೆಲವರನ್ನು ಅದನ್ನು ಕೇಳಿ ಬರಲು ಕಳುಹಿಸಿದರು. ಆ ಮಾತು ಚರ್ಚೆಗೆ, ಚರ್ಚೆ ನಿಶ್ಚಯಕ್ಕೆ ದಾರಿಯಾಗಿ, ಕೆಲವೇ ದಿನಗಳಲ್ಲಿ ಆರು ಮಂದಿಯೂ ಇನ್ನು ಮುಂದೆ ಮದ್ಯ ಮುಟ್ಟುವುದಿಲ್ಲವೆಂದು ಬರೆದು ಸಹಿ ಹಾಕಿದರು. ದರ್ಜಿ ವಿಲಿಯಂ ಮಿಚೆಲ್ ಅಧ್ಯಕ್ಷನಾದನು. ತಮ್ಮ ಕೂಟಕ್ಕೆ ಅವರು ರಾಷ್ಟ್ರಪಿತ ವಾಷಿಂಗ್ಟನ್ನರ ಹೆಸರನ್ನಿಟ್ಟರು.

ಈ ಕೂಟದಲ್ಲಿ ಹೊಸದಾಗಿದ್ದುದು ಪ್ರತಿಜ್ಞೆಯಲ್ಲ. ಪ್ರತಿಜ್ಞೆಗಳು ಮೊದಲೂ ಇದ್ದವು. ಪ್ರತಿಜ್ಞೆ ಮಾಡಿದವರು ವಾರಕ್ಕೊಮ್ಮೆ ಕೂಡುತ್ತಿದ್ದುದು ಹೊಸದು. ಅಲ್ಲಿ ಉಪದೇಶವಿರಲಿಲ್ಲ. ಒಬ್ಬೊಬ್ಬನೂ ಎದ್ದು ತಾನು ಹೇಗೆ ಬಿದ್ದೆ, ಹೇಗೆ ಎದ್ದೆ ಎಂಬುದನ್ನು ತನ್ನದೇ ಮಾತಿನಲ್ಲಿ ಹೇಳುತ್ತಿದ್ದನು. ಮುಂದಿನ ಸಭೆಗೆ ಇನ್ನೊಬ್ಬ ಕುಡುಕನನ್ನು ಜೊತೆಯಲ್ಲಿ ಕರೆತರುವುದು ಅವನ ಹೊಣೆ. ಹೊಸದಾಗಿ ಬಂದವನಿಗೆ ಬಟ್ಟೆಯಿಲ್ಲದಿದ್ದರೆ ಬಟ್ಟೆ, ಕೆಲಸವಿಲ್ಲದಿದ್ದರೆ ಕೆಲಸ ಹುಡುಕಿಕೊಡುವುದು ಎಲ್ಲರ ಹೊಣೆ. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನ ಸಹಿ ಹಾಕಿದರು. 1841ರಲ್ಲಿ ಹೆಂಗಸರು ನಡೆಸುವ ಸಹೋದರಿ ಕೂಟಗಳೂ ನ್ಯೂಯಾರ್ಕಿನಲ್ಲಿ ಆರಂಭವಾಗಿ ವ್ಯಸನಿಗಳ ಮಡದಿಯರ, ಮಕ್ಕಳ ಕಷ್ಟಕ್ಕೆ ಒದಗಿದವು.

ಆ ಕಾಲದ ಜಾನ್ ಗಾಫ್ ಎಂಬುವರ ಚರಿತ್ರೆ ಇಲ್ಲಿ ಮನನೀಯ. ಪುಸ್ತಕ ಕಟ್ಟುವ ವೃತ್ತಿಯ ಈ ತರುಣ ಕುಡಿತದಲ್ಲಿ ಮುಳುಗಿದ್ದನು. ಹೆಂಡತಿ ಮತ್ತು ಮಗುವನ್ನು ಕಳೆದುಕೊಂಡ ಮೇಲೆ ತೀರ ಪಾತಾಳಕ್ಕಿಳಿದನು. 1842ರ ಅಕ್ಟೋಬರಿನಲ್ಲಿ ವುಸ್ಟರ್ ಊರಿನ ಬೀದಿಯಲ್ಲಿ, ಹೋಟೆಲಿನಲ್ಲಿ ಬಡಿಸುವ ಕೆಲಸದ ಒಬ್ಬ ಸಾಮಾನ್ಯ ಮನುಷ್ಯ ಅವನ ಹೆಗಲ ಮೇಲೆ ಕೈಯಿಟ್ಟು ಮಾತನಾಡಿಸಿ ಸಭೆಗೆ ಕರೆದನು. ಗಾಫ್ ಸಹಿ ಹಾಕಿದನು. ಕೆಲವೇ ತಿಂಗಳುಗಳಲ್ಲಿ ಜಾರಿದನು. ಅದನ್ನು ಸಭೆಯ ಮುಂದೆ ಒಪ್ಪಿಕೊಂಡು ಮರಳಿ ಸಹಿ ಹಾಕಿದನು. 1845ರಲ್ಲಿ, ಆಗಲೇ ಪ್ರಸಿದ್ಧ ಭಾಷಣಕಾರನಾಗಿದ್ದಾಗ, ಮತ್ತೊಮ್ಮೆ ಜಾರಿದನು. ಪತ್ರಿಕೆಗಳು ಅಪಹಾಸ್ಯ ಮಾಡಿದವು. ಸಹವ್ರತಿಗಳು ಅವನನ್ನು ಅಂದು ಕೈಬಿಟ್ಟಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೊ. ಅವರು ಬಿಡಲಿಲ್ಲ. ಆಮೇಲೆ ಅವರು ನಾಲ್ಕು ದಶಕಗಳ ಕಾಲ ಮದ್ಯತ್ಯಾಗದ ಪ್ರಚಾರ ಮಾಡಿ, 1886ರಲ್ಲಿ ಉಪನ್ಯಾಸ ವೇದಿಕೆಯ ಮೇಲೆಯೇ ಕುಸಿದು ಕೆಲ ದಿನಗಳಲ್ಲಿ ತೀರಿಕೊಂಡರು.

ಈ ಚಳುವಳಿಯ ಮರ್ಮವನ್ನು ಮನಗಂಡವರಲ್ಲಿ ಅಬ್ರಹಾಂ ಲಿಂಕನ್ ಒಬ್ಬರು. ಆಗ ಅವರು ಇಲಿನಾಯ್ ಪ್ರಾಂತದ ಸ್ಪ್ರಿಂಗ್‌ಫೀಲ್ಡಿನಲ್ಲಿ ಮೂವತ್ತಮೂರು ವಯಸ್ಸಿನ ವಕೀಲರು. ಸ್ವತಃ ಮದ್ಯ ಸೇವಿಸದವರು. 1842ರ ಫೆಬ್ರವರಿ 22ರಂದು ಅಲ್ಲಿಯ ವಾಷಿಂಗ್ಟನ್ ಸಂಘದ ಸಭೆಯಲ್ಲಿ ಅವರು ಎರಡು ವಿಷಯಗಳನ್ನು ಮುಂದಿಟ್ಟರು. ನಿಂದೆಯಿಂದ ಯಾರೂ ತಿದ್ದಿಕೊಳ್ಳಲಾರರು, ಸ್ನೇಹದಿಂದ ಮಾತ್ರ ಮನಸ್ಸು ತೆರೆಯುವುದೆಂಬುದು ಮೊದಲನೆಯದು. ಕುಡಿತಕ್ಕೆ ಬಲಿಯಾಗದೆ ಉಳಿದವರು ಹೆಚ್ಚಾಗಿ ಉಳಿದುದು ಆ ಬಯಕೆಯೇ ತಮಗಿಲ್ಲದ ಕಾರಣದಿಂದ, ತಮ್ಮ ಶೀಲದ ಹೆಚ್ಚುಗಾರಿಕೆಯಿಂದಲ್ಲ ಎಂಬುದು ಎರಡನೆಯದು. ಈ ಎರಡನೆಯ ಮಾತು ಊರಿನ ಸದ್ಗೃಹಸ್ಥರಿಗೆ ಅಷ್ಟು ರುಚಿಸಲಿಲ್ಲವೆಂದು ಅವರ ಜೊತೆಗಾರ ವಕೀಲ ಹರ್ನ್‌ಡನ್ ಬರೆದಿಟ್ಟಿದ್ದಾರೆ. ಹುಟ್ಟಿನಿಂದಲೇ ಮದ್ಯದ ವಾಸನೆಯಿಲ್ಲದ ಮನೆಗಳಲ್ಲಿ ಬೆಳೆದ ನಾವು ಈ ಮಾತನ್ನು ತುಸು ನಿಂತು ಆಲೋಚಿಸಬೇಕು. ನಮ್ಮ ಸಂಯಮದಲ್ಲಿ ಹಿರಿಯರಿಂದ ಬಂದುದೆಷ್ಟು, ನಾವು ಹೋರಾಡಿ ಗಳಿಸಿದುದೆಷ್ಟು?

ಹೀಗಿದ್ದರೂ 1840ರ ದಶಕ ಮುಗಿಯುವುದರೊಳಗೆ ವಾಷಿಂಗ್ಟನ್ ಕೂಟಗಳು ಬಹುಪಾಲು ಕಣ್ಮರೆಯಾದವು. ಸಭೆಗಳು ಸಾರ್ವಜನಿಕ ವಿನೋದಗಳಾದವು. ಅನುಭವ ಹೇಳುವವರು ಸಂಭಾವನೆ ಪಡೆಯುವ ಭಾಷಣಕಾರರಾದರು. ಮದ್ಯವನ್ನು ಕಾನೂನಿನಿಂದ ನಿಷೇಧಿಸಬೇಕೆ ಬೇಡವೆ ಎಂಬ ರಾಜಕೀಯ ವಾದದಲ್ಲಿ ಕೂಟಗಳು ಒಡೆದವು. ವಾರದ ಸಭೆ ನಿಂತಿತು. ಸಹಿ ಹಾಕಿದ ಕಾಗದ ಉಳಿಯಿತು, ಸಹಿಯನ್ನು ಕಾಯುವ ಸಂಗ ಉಳಿಯಲಿಲ್ಲ.

ಎರಡನೆಯ ಪ್ರಯತ್ನದ ಕಥೆ 1930ರ ದಶಕದ್ದು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ದುಡಿಯುತ್ತಿದ್ದ ಬಿಲ್ ವಿಲ್ಸನ್ ಎಂಬುವರು ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡಿದ್ದರು. ಕುಡಿತ ಬಿಟ್ಟಿದ್ದ ಹಳೆಯ ಗೆಳೆಯನೊಬ್ಬ ಬಂದು ಮಾತನಾಡಿದ ಮೇಲೆ, 1934ರ ಡಿಸೆಂಬರಿನಲ್ಲಿ ಕೊನೆಯ ಬಾರಿ ಆಸ್ಪತ್ರೆ ಸೇರಿ ಅವರು ಮದ್ಯವನ್ನು ತ್ಯಜಿಸಿದರು. ಹೊರಬಂದವರು ಉತ್ಸಾಹದಿಂದ ಇತರ ವ್ಯಸನಿಗಳನ್ನು ತಿದ್ದಲು ಹೊರಟರು. ಐದಾರು ತಿಂಗಳು ಕಳೆದರೂ ಒಬ್ಬನೂ ತಿದ್ದಿಕೊಳ್ಳಲಿಲ್ಲ. ಆದರೆ ನೀವು ಮಾತ್ರ ಕುಡಿಯದೆ ಉಳಿದಿದ್ದೀರಲ್ಲ ಎಂದು ಅವರ ಪತ್ನಿ ಲೋಯಿಸ್ ತೋರಿಸಿಕೊಟ್ಟರು. ಉಪದೇಶಿಸುವುದನ್ನು ಬಿಟ್ಟು ವ್ಯಾಧಿಯ ಸ್ವರೂಪವನ್ನು ತಿಳಿಸಿ ಎಂದು ಅವರಿಗೆ ಚಿಕಿತ್ಸೆ ಮಾಡಿದ ವೈದ್ಯ ಸಿಲ್ಕ್‌ವರ್ತ್ ಸಲಹೆಯಿತ್ತರು.

1935ರ ಮೇ ತಿಂಗಳಲ್ಲಿ ವಿಲ್ಸನ್ನರು ಒಂದು ವ್ಯವಹಾರದ ನಿಮಿತ್ತ ಓಹಾಯೊ ಪ್ರಾಂತದ ಆಕ್ರನ್ ನಗರಕ್ಕೆ ಹೋದರು. ಅದು ಕೈಗೂಡಿದ್ದರೆ ಅವರ ಬಾಳು ಮತ್ತೆ ನೆಲೆಗೊಳ್ಳುತ್ತಿತ್ತು; ಕೈಗೂಡಲಿಲ್ಲ. ಕೈಯಲ್ಲಿ ಹಣವಿಲ್ಲದೆ, ಪರ ಊರಿನಲ್ಲಿ, ಹೋಟೆಲಿನ ಮೊಗಸಾಲೆಯಲ್ಲಿ ಅವರು ಒಬ್ಬರೇ ನಿಂತಿದ್ದರು. ಒಂದು ಬದಿಯಲ್ಲಿ ಪಾನಗೃಹ; ಅಲ್ಲಿಂದ ನಗೆಯ ಸದ್ದು. ಇನ್ನೊಂದು ಬದಿಯಲ್ಲಿ ದೂರವಾಣಿ ಮತ್ತು ಊರಿನ ಚರ್ಚುಗಳ ಪಟ್ಟಿ. ತಮ್ಮನ್ನು ಉಳಿಸಬಲ್ಲವನು ಮತ್ತೊಬ್ಬ ವ್ಯಸನಿ ಮಾತ್ರ ಎಂಬುದು ಅವರಿಗೆ ಆ ಕ್ಷಣದಲ್ಲಿ ಹೊಳೆಯಿತು. ದೂರವಾಣಿ ಹಿಡಿದರು. ಒಬ್ಬರಿಂದೊಬ್ಬರಿಗೆ ವಿಚಾರಿಸುತ್ತ ಹೋಗಿ ಕೊನೆಗೆ ಆ ಊರಿನ ಶಸ್ತ್ರವೈದ್ಯ ಡಾಕ್ಟರ್ ಬಾಬ್ ಸ್ಮಿತ್ ಅವರ ಹೆಸರು ಸಿಕ್ಕಿತು. ಹದಿನೈದು ನಿಮಿಷ ಮಾತ್ರ ಎಂದು ಒಪ್ಪಿ ಬಂದ ವೈದ್ಯರು ಗಂಟೆಗಟ್ಟಲೆ ಕುಳಿತರು. ತನ್ನನ್ನು ತಿದ್ದಲು ಬಂದವರನ್ನು ಅವರು ಎಷ್ಟೋ ಮಂದಿಯನ್ನು ಕಂಡಿದ್ದರು. ನನ್ನ ಉಳಿವಿಗಾಗಿ ನಿಮ್ಮ ನೆರವು ಬೇಕು ಎಂದು ಬಂದವರನ್ನು ಕಂಡಿದ್ದುದು ಅದೇ ಮೊದಲು. ಕೆಲವು ವಾರಗಳಲ್ಲಿ ಅವರು ಒಮ್ಮೆ ಜಾರಿದರು. ವಿಲ್ಸನ್ನರು ಜೊತೆಯಲ್ಲಿಯೇ ಇದ್ದು ಚೇತರಿಸಿದರು. 1935ರ ಜೂನ್ 10, ಬಾಬ್ ಅವರು ಕೊನೆಯ ಬಾರಿ ಕುಡಿದ ದಿನ, ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಅನಾಮಿಕ ವ್ಯಸನಮುಕ್ತರ ಬಳಗದ ಜನ್ಮದಿನವೆಂದು ಪರಿಗಣಿತವಾಗಿದೆ.

ಮದ್ಯವನ್ನು ಬಿಟ್ಟ ಮಾತ್ರಕ್ಕೆ ಅವರ ಕಷ್ಟಗಳು ತೀರಲಿಲ್ಲ. 1939ರಲ್ಲಿ ಸಾಲದ ಬಾಧೆಯಿಂದ ವಿಲ್ಸನ್ ದಂಪತಿಗಳು ಬ್ರೂಕ್ಲಿನ್ನಿನ ಮನೆಯನ್ನು ಕಳೆದುಕೊಂಡು ಎರಡು ವರ್ಷ ಸ್ನೇಹಿತರ ಮನೆಗಳಲ್ಲಿ ಕಾಲ ನೂಕಿದರು. ಮುಂದೆ ವಿಲ್ಸನ್ನರನ್ನು ಅನೇಕ ವರ್ಷ ತೀವ್ರ ಖಿನ್ನತೆ ಕಾಡಿತು. ಡಾಕ್ಟರ್ ಬಾಬ್ ಅವರು 1949ರಲ್ಲಿ ಪತ್ನಿಯನ್ನು ಕಳೆದುಕೊಂಡರು. 1950ರಲ್ಲಿ ತಾವೂ ಕ್ಯಾನ್ಸರಿನಿಂದ ತೀರಿಕೊಂಡರು. ಇಬ್ಬರೂ ಮತ್ತೆ ಮದ್ಯ ಮುಟ್ಟಲಿಲ್ಲ. ಸಂಯಮ ಕಷ್ಟವನ್ನು ನಿವಾರಿಸುವುದಿಲ್ಲ. ಕಷ್ಟವನ್ನು ಸ್ಪಷ್ಟವಾದ ಬುದ್ಧಿಯಿಂದ ನೋಡುವ ಅವಕಾಶ ಕೊಡುತ್ತದೆ. ಆ ನೋಟವನ್ನು ಸಹಿಸುವ ಬಲ ಬರುವುದು ಜೊತೆಯಲ್ಲಿ ಕುಳಿತವರಿಂದ.

ಈ ಬಳಗ ಹಿಂದಿನವರು ಎಡವಿದ ಕಡೆಗಳಲ್ಲಿ ಎಚ್ಚರ ವಹಿಸಿತು. ಯಾವ ಸಾರ್ವಜನಿಕ ವಿವಾದದಲ್ಲಿಯೂ ಅಭಿಪ್ರಾಯ ನೀಡದಿರುವುದು, ಹೊರಗಿನವರ ದಾನ ಸ್ವೀಕರಿಸದೆ ತಮ್ಮ ಖರ್ಚನ್ನು ತಾವೇ ಭರಿಸುವುದು, ಸದಸ್ಯರ ಹೆಸರನ್ನು ಪ್ರಕಟಿಸದಿರುವುದು ಎಂಬ ನಿಯಮಗಳನ್ನು 1946ರಲ್ಲಿ ಬರೆದು, 1950ರಲ್ಲಿ ಕ್ಲೀವ್‌ಲ್ಯಾಂಡ್ ಸಮ್ಮೇಳನದಲ್ಲಿ ಅಂಗೀಕರಿಸಿದರು. 1951ರಲ್ಲಿ ಲೋಯಿಸ್ ಅವರ ಮುಂದಾಳುತನದಲ್ಲಿ ವ್ಯಸನಿಗಳ ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗ ಸಿದ್ಧವಾಯಿತು. ಭಾರತದಲ್ಲಿ 1957ರಲ್ಲಿ ಮುಂಬಯಿಯಲ್ಲಿ ಸಭೆಗಳು ಆರಂಭವಾದವು. 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ವಿಮರ್ಶೆ 27 ಅಧ್ಯಯನಗಳನ್ನೂ ಅವುಗಳಲ್ಲಿದ್ದ 10,565 ಮಂದಿಯ ವಿವರಗಳನ್ನೂ ಪರಿಶೀಲಿಸಿ, ವ್ಯಸನಿಗಳನ್ನು ಈ ಬಳಗದೊಡನೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ ಸಂಪೂರ್ಣ ಮದ್ಯತ್ಯಾಗವನ್ನು ಉಳಿಸುವುದರಲ್ಲಿ ಇತರ ಪ್ರಸಿದ್ಧ ಚಿಕಿತ್ಸೆಗಳಿಗಿಂತ ಹೆಚ್ಚು ಫಲಕಾರಿಯೆಂದು ಕಂಡುಕೊಂಡಿತು.

ಇದೆಲ್ಲ ನಮಗೆ ಅಪರಿಚಿತವಾದ ತತ್ತ್ವವೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯತ್ಯಾಗವನ್ನು ಗೃಹಸ್ಥನ ಮೂಲಗುಣಗಳಲ್ಲಿ ಸೇರಿಸಿದ್ದಾರೆ. ಅದನ್ನು ನಾವೆಲ್ಲ ಬಲ್ಲೆವು. ಅದೇ ಗ್ರಂಥ ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತೀಕರಣ, ವಾತ್ಸಲ್ಯಗಳನ್ನೂ ಹೇಳುತ್ತದೆ. ಇನ್ನೊಬ್ಬರ ದೋಷವನ್ನು ಬೀದಿಗೆ ತಾರದಿರುವುದು ಉಪಗೂಹನ. ಜಾರಿದವನನ್ನು ಮತ್ತೆ ಮಾರ್ಗದಲ್ಲಿ ನಿಲ್ಲಿಸುವುದು ಸ್ಥಿತೀಕರಣ. ಮನಸ್ಸು ಚಂಚಲವಾದ ಗೆಳೆಯನನ್ನು ವಾರಿಷೇಣ ಮುನಿ ದೂರ ತಳ್ಳಲಿಲ್ಲ, ಜೊತೆಗೆ ನಡೆದು ಸ್ಥಿರಗೊಳಿಸಿದರು. ಮೂಲಗುಣವನ್ನು ಹಿಡಿದು ಸ್ಥಿತೀಕರಣವನ್ನು ಮರೆತರೆ, ಬಿದ್ದವನನ್ನು ಲೆಕ್ಕದಿಂದ ಬಿಟ್ಟ ಆ ಹಳೆಯ ಸಂಘಗಳ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ.

ನಮ್ಮ ನಾಡಿನಲ್ಲಿಯೂ ಇದರ ನಿದರ್ಶನವಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆಯುತ್ತ ಬಂದ ಮದ್ಯವರ್ಜನ ಶಿಬಿರಗಳು ಶಿಬಿರದ ದಿನಗಳಿಗೇ ಮುಗಿಯುವುದಿಲ್ಲ. ಬಿಟ್ಟವರು ಆಮೇಲೆ ತಮ್ಮೂರಿನಲ್ಲಿ ನವಜೀವನ ಸಮಿತಿಗಳಾಗಿ ಕೂಡುತ್ತಾರೆ. ಶಿಬಿರ ಪ್ರತಿಜ್ಞೆಯಾದರೆ ಸಮಿತಿ ಅದರ ಕಾವಲು.

ಪ್ರತಿಷ್ಠಿತ ಮನೆತನಗಳಲ್ಲಿ ಕುಡಿತದ ವಿಷಯ ಹೊರಬೀಳುವುದು ಬಹುತೇಕ ತಡವಾಗಿ. ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ. ಮುಚ್ಚಿಡಲಾಗದಾಗ ಮನೆಯಿಂದ ದೂರವಿಡುತ್ತಾರೆ. ಮುಚ್ಚಿಡುವುದು ಉಪಗೂಹನವಲ್ಲ, ಅದರಲ್ಲಿ ದೋಷಕ್ಕೆ ರಕ್ಷಣೆಯಿದೆ, ಮನುಷ್ಯನಿಗೆ ಇಲ್ಲ. ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು, ಏಕೆಂದರೆ ಬಹುಕಾಲ ಅತಿಯಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಚಿತ್ತಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆಮೇಲೆ ಸಮಾನ ಅನುಭವಿಗಳ ಸಂಗ ದೊರಕಿಸಬೇಕು. ಮನೆಯ ಹೆಂಗಸರಿಗೂ ಮಕ್ಕಳಿಗೂ ತಮ್ಮ ನೋವನ್ನು ಹೇಳಿಕೊಳ್ಳುವ ಇನ್ನೊಂದು ಸಂಗ ಬೇಕು.

ದೇವಾಲಯಗಳ ಟ್ರಸ್ಟುಗಳು ಇಲ್ಲಿ ಮಾಡಬಹುದಾದುದು ದೊಡ್ಡ ಖರ್ಚಿನ ಕೆಲಸವಲ್ಲ. ಸಮುದಾಯ ಭವನದ ಒಂದು ಕೋಣೆಯನ್ನು ವಾರದಲ್ಲಿ ಒಂದು ಸಂಜೆ ಇಂಥ ಬಳಗಕ್ಕೆ ಬಿಟ್ಟುಕೊಡಬಹುದು. ದಾನವಾಗಿ ಬೇಡ, ಅವರ ನಿಯಮಕ್ಕೆ ಒಪ್ಪುವಂತೆ ಅಲ್ಪ ಬಾಡಿಗೆ ಪಡೆಯಲಿ. ಬಂದವರ ಹೆಸರು, ಜಾತಿ ಕೇಳುವುದು ಬೇಡ. ಭಾವಚಿತ್ರ ತೆಗೆದು ವರದಿಯಲ್ಲಿ ಹಾಕುವುದಂತೂ ಬೇಡವೇ ಬೇಡ. ಒಮ್ಮೆ ಬಿಟ್ಟವನು ಮತ್ತೆ ಜಾರಿ ಬಂದರೂ ಆ ಬಾಗಿಲು ಅವನಿಗೆ ತೆರೆದಿರಬೇಕು. ವ್ರತವನ್ನು ಕೊಡುವ ಸ್ಥಳಗಳು ನಮ್ಮಲ್ಲಿ ಬೇಕಾದಷ್ಟಿವೆ. ವ್ರತಭಂಗವಾದವನು ಮರುದಿನ ಸಂಕೋಚವಿಲ್ಲದೆ ಬಂದು ಕುಳಿತುಕೊಳ್ಳಬಹುದಾದ ಸ್ಥಳಗಳು ಎಷ್ಟಿವೆ ಎಂಬುದನ್ನು ಪ್ರತಿಯೊಂದು ಟ್ರಸ್ಟೂ ತನ್ನ ಮುಂದಿನ ಸಭೆಯಲ್ಲಿ ಎಣಿಸಿ ನೋಡಲಿ.