ಲೇಕಾಕ್

ಲೇಕಾಕ್: ಇಂಗ್ಲೆಂಡಿನ ವಿಲ್ಟ್‌ಷೈರ್ ಕೌಂಟಿಯಲ್ಲಿ, ಚಿಪ್ಪೆನ್‌ಹ್ಯಾಮ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 5 ಕಿ.ಮೀ. ದೂರದಲ್ಲಿ, ಏವನ್ ನದಿಯ ಬಳಿ ಇರುವ ಹಳ್ಳಿ. ನಾಲ್ಕು ಮುಖ್ಯ ಬೀದಿಗಳಿಗೆ ಊರು ಮುಗಿಯುತ್ತದೆ. ಮಧ್ಯಯುಗದಿಂದ 18ನೆಯ ಶತಮಾನದವರೆಗೆ ಕಟ್ಟಿದ ಮನೆಗಳು ಇಲ್ಲಿ ಒಂದಕ್ಕೊಂದು ಒರಗಿಕೊಂಡು ನಿಂತಿವೆ.

1086ರ ಡೂಮ್ಸ್‌ಡೇ ದಾಖಲೆಯಲ್ಲೇ ಊರಿನ ಹೆಸರಿದೆ. ಆದರೆ ಅದರ ಹಣೆಬರಹ ಬರೆದವಳು ಸಾಲ್ಸ್‌ಬರಿಯ ಕೌಂಟೆಸ್ ಎಲಾ. ಗಂಡ ವಿಲಿಯಂ ಲಾಂಗಸ್ಪೇ 1226ರಲ್ಲಿ ತೀರಿಕೊಂಡ ಬಳಿಕ, 1232ರಲ್ಲಿ ಆಕೆ ಇಲ್ಲಿ ಅಗಸ್ಟೀನ್ ಪಂಥದ ಸನ್ಯಾಸಿನಿಯರ ಮಠ ಸ್ಥಾಪಿಸಿದಳು. ಮುಂದೆ ತಾನೇ ಅದರ ಮುಖ್ಯಸ್ಥೆಯಾದಳು. ಊರೆಲ್ಲ ಮಠದ ಆಸ್ತಿ. ಉಣ್ಣೆಯ ವ್ಯಾಪಾರದಿಂದ ಹಣ ಹರಿಯಿತು. ಒಕ್ಕಲುಗಳು ಗೇಣಿಯಾಗಿ ತಂದ ಕಾಳು, ತೊಗಲು, ಉಣ್ಣೆಗಳನ್ನು ಶೇಖರಿಸುತ್ತಿದ್ದ 14ನೆಯ ಶತಮಾನದ ದೊಡ್ಡ ಕಣಜ ಇಂದಿಗೂ ಇದೆ. ಅದರ ಮರದ ತೊಲೆಗಳನ್ನು ಕತ್ತೆತ್ತಿ ನೋಡಿದರೆ ಮಠದ ಸಿರಿವಂತಿಕೆಯ ಲೆಕ್ಕ ಸಿಗುತ್ತದೆ. ಸೇಂಟ್ ಸಿರಿಯಾಕ್ ಚರ್ಚಿನ ಇಂದಿನ ರೂಪದ ಹಿಂದಿರುವುದೂ ಅದೇ ಉಣ್ಣೆಯ ಹಣ.

ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ, 1539ರಲ್ಲಿ, ಲೇಕಾಕ್ ಮಠವೂ ಮುಚ್ಚಿತು. ಅದನ್ನು ಕೊಂಡವನು ವಿಲಿಯಂ ಶಾರಿಂಗ್ಟನ್. ಮಠದ ಚರ್ಚನ್ನು ಕೆಡವಿ, ಕಮಾನುಗಳ ಪಡಸಾಲೆಯನ್ನು ಹಾಗೇ ಉಳಿಸಿಕೊಂಡು, ಒಂದು ಮೂಲೆಯಲ್ಲಿ ಎಂಟು ಮುಖದ ಗೋಪುರ ಎಬ್ಬಿಸಿ ಮನೆ ಮಾಡಿಕೊಂಡ. ಬ್ರಿಸ್ಟಲ್ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದಾಗ ನಾಣ್ಯಗಳಲ್ಲಿ ಕೈಚಳಕ ತೋರಿ ಸಿಕ್ಕಿಬಿದ್ದ. ಜತೆಗಾರ ಥಾಮಸ್ ಸೀಮೋರನ ತಲೆ 1549ರಲ್ಲಿ ಉರುಳಿತು. ಶಾರಿಂಗ್ಟನ್ ಮಾತ್ರ ಕ್ಷಮೆ ಪಡೆದು, ದುಡ್ಡು ಕೊಟ್ಟು ಆಸ್ತಿಯನ್ನು ಮರಳಿ ಪಡೆದ. ಅವನ ತಮ್ಮನ ಮಗಳು ಆಲಿವ್ ಪ್ರಿಯಕರ ಜಾನ್ ಟಾಲ್ಬಟ್‌ಗಾಗಿ ಮಾಳಿಗೆಯ ಮೇಲಿಂದ ಧುಮುಕಿದಳೆಂದೂ, ಲಂಗ ಗಾಳಿ ತುಂಬಿಕೊಂಡು ಅವಳನ್ನು ಉಳಿಸಿತೆಂದೂ, ಕೆಳಗೆ ನಿಂತು ಹಿಡಿದ ಟಾಲ್ಬಟ್ ಮೂರ್ಛೆ ಹೋದನೆಂದೂ ಒಂದು ಕಥೆಯಿದೆ. ನಂಬುವುದು ಕಷ್ಟ. ಮದುವೆಯಾದದ್ದು ಮಾತ್ರ ನಿಜ. ಆಸ್ತಿ ಟಾಲ್ಬಟ್ ಮನೆತನಕ್ಕೆ ಬಂದದ್ದು ಹಾಗೆ.

ಈ ಮನೆತನದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ (1800–1877) ಪುಟ್ಟ ಮರದ ಪೆಟ್ಟಿಗೆಗಳನ್ನು ಮನೆಯ ಸುತ್ತ ಅಲ್ಲಲ್ಲಿ ಇಟ್ಟು, ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಬೆಳಕನ್ನು ಹಿಡಿಯಲು ಯತ್ನಿಸುತ್ತಿದ್ದ. ಹೆಂಡತಿ ಕಾನ್‌ಸ್ಟನ್ಸ್ ಅವಕ್ಕೆ ಇಲಿಬೋನು ಎಂದು ಹೆಸರಿಟ್ಟಿದ್ದಳು. 1835ರ ಆಗಸ್ಟ್‌ನಲ್ಲಿ ಅಂಥದೊಂದು ಬೋನಿಗೆ ಮನೆಯ ದಕ್ಷಿಣ ಪಡಸಾಲೆಯ ಕಿಟಕಿ ಬಿತ್ತು. ಉಳಿದುಬಂದಿರುವ ಅತ್ಯಂತ ಹಳೆಯ ಛಾಯಾಚಿತ್ರ ನೆಗೆಟಿವ್ ಅದೇ, ಗಾತ್ರ ಅಂಚೆಚೀಟಿಯಷ್ಟು. ಒಂದು ನೆಗೆಟಿವ್‌ನಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದೆಂಬ ವಿಧಾನ ಬೆಳೆದದ್ದು ಅವನ ಪ್ರಯೋಗಗಳಿಂದ. ಆ ಕಿಟಕಿಯನ್ನು ಇಂದೂ ನೋಡಬಹುದು. ಮಠದ ಬಾಗಿಲಲ್ಲಿನ ಹಳೆಯ ಕಣಜವೊಂದು ಈಗ ಅವನ ಹೆಸರಿನ ವಸ್ತುಸಂಗ್ರಹಾಲಯ.

ಬಟ್ಟೆಯ ವ್ಯಾಪಾರ ಕುಸಿದಾಗ ಊರಿನಲ್ಲಿ ಹೊಸದಾಗಿ ಕಟ್ಟಲು ದುಡ್ಡಿರಲಿಲ್ಲ. ಮನೆಗಳೆಲ್ಲ ಒಬ್ಬನೇ ಒಡೆಯನ ಕೈಯಲ್ಲಿದ್ದುದರಿಂದ ಹಳೆಯದನ್ನು ಕೆಡವುವ ಆತುರವೂ ಇರಲಿಲ್ಲ. ಲೇಕಾಕ್ ಉಳಿದದ್ದಕ್ಕೆ ಅಭಿಮಾನಕ್ಕಿಂತ ಈ ಬಡತನವೇ ದೊಡ್ಡ ಕಾರಣ ಎನ್ನಬೇಕು. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಮಠವನ್ನೂ ಊರಿನ ಬಹುಪಾಲನ್ನೂ ನ್ಯಾಷನಲ್ ಟ್ರಸ್ಟ್‌ಗೆ ದಾನ ಕೊಟ್ಟಳು. ಎಲಾಳ ಕಾಲದಿಂದ ಇಲ್ಲೇ ಉಳಿದಿದ್ದ 1225ರ ಮ್ಯಾಗ್ನಾ ಕಾರ್ಟಾ ಪ್ರತಿಯನ್ನು ಬ್ರಿಟಿಷ್ ಮ್ಯೂಸಿಯಂಗೆ ಒಪ್ಪಿಸಿದವಳೂ ಆಕೆಯೇ.

15ನೆಯ ಶತಮಾನದ ಸೈನ್ ಆಫ್ ದಿ ಏಂಜೆಲ್ ವಸತಿಗೃಹ, ಕುಡುಕರನ್ನು ರಾತ್ರಿ ಕೂಡಿಹಾಕುತ್ತಿದ್ದ ಕಿಟಕಿಯಿಲ್ಲದ ಕಲ್ಲುಕೋಣೆ, ಹಳ್ಳದ ಮೇಲಿನ ಕಿರುಸೇತುವೆ ಊರಿನ ಇತರ ಹಳೆಯ ಕಟ್ಟಡಗಳು. ಬಿ.ಬಿ.ಸಿ.ಯ 1995ರ ‘ಪ್ರೈಡ್ ಅಂಡ್ ಪ್ರಿಜುಡಿಸ್’ ಧಾರಾವಾಹಿಯಲ್ಲಿ ಈ ಬೀದಿಗಳೇ ಮೆರಿಟನ್ ಪಟ್ಟಣವಾದವು. ಹ್ಯಾರಿ ಪಾಟರ್ ಚಿತ್ರಗಳಿಗೆ ಮಠದ ಪಡಸಾಲೆಗಳು ಶಾಲೆಯಾದವು. ಚಿತ್ರೀಕರಣ ಮುಗಿದರೆ ಮನೆಗಳಿಗೆ ಮತ್ತೆ ಬಾಡಿಗೆದಾರರ ಸಂಸಾರ. ಇಲ್ಲಿನ ಹೆಚ್ಚಿನವರು ಟ್ರಸ್ಟಿನ ಒಕ್ಕಲುಗಳು.